ಎಡಗಡೆ ಸೀಟಿನ ಸಣ್ಣೇಗೌಡರು

ಸಣ್ಣೇಗೌಡರು ಯಾವ ಗಾಡಿ ಹತ್ತಿದರೂ ಅವರ ಬಲಗಾಲು ಸುಮ್ಮನಿರುತ್ತಿರಲಿಲ್ಲ. ಓಡಿಸುವವರು ಬೇರೆ, ಬ್ರೇಕು ತುಳಿಯುವವರು ಇವರು. ಎಡಗಡೆ ಸೀಟಿನ ಮುಂದೆ ಬ್ರೇಕೆಲ್ಲಿ ಇರುತ್ತದೆ? ಬರೀ ತಗಡು, ಅದರ ಮೇಲೊಂದು ರಬ್ಬರ್ ಮ್ಯಾಟು. ಆ ಮ್ಯಾಟನ್ನೇ ತುಳಿದು ತುಳಿದು ತೂತು ಮಾಡಿದ್ದರು. ಹೊಳೆನರಸೀಪುರದಿಂದ ಹಾಸನಕ್ಕೆ ಬಸ್ಸಿನಲ್ಲಿ ಬಂದರೂ ಅಷ್ಟೇ, ಸೀಟು ಖಾಲಿಯಿದ್ದರೂ ಕೂರದೆ ಡ್ರೈವರ್ ಹಿಂದಿನ ಕಂಬಿ ಹಿಡಿದು ನಿಲ್ಲುತ್ತಿದ್ದರು. ಧರ್ಮಸ್ಥಳಕ್ಕೆ ಹೋದಾಗ ಘಾಟಿ ಉದ್ದಕ್ಕೂ "ಎರಡ್ನೇ ಗೇರು, ಎರಡ್ನೇ ಗೇರು" ಎಂದು ಗೊಣಗಿ ಗೊಣಗಿ, ಕೊನೆಗೆ ಆ ಡ್ರೈವರು ಬಸ್ಸು ನಿಲ್ಲಿಸಿ "ಬಾರಯ್ಯ, ನೀನೇ ಓಡ್ಸು" ಅಂದನಂತೆ. ಇದನ್ನು ನನಗೆ ಹೇಳಿದ್ದು ಅವರ ಹೆಂಡತಿ ಜಯಮ್ಮ. "ಮದ್ವೆಯಾದ್ ದಿನದಿಂದ ಈವಯ್ಯ ಗಾಡೀಲಿ ಕಣ್ ಮುಚ್ಚಿದ್ದ ನಾನ್ ನೋಡಿಲ್ಲ ಕಣವ್ವ. ಕೂತಿದ್ರೂ ಕೂತಂಗಿರಾಕಿಲ್ಲ."

ನಾನು ಅವರನ್ನು ಕಂಡದ್ದು ಚನ್ನರಾಯಪಟ್ಟಣದ ಕಡೆಯ ಒಂದು ಕೆರೆಯಂಗಳದಲ್ಲಿ. ಬೇಸಿಗೆಗೆ ನೀರು ಬತ್ತಿದರೆ ಆ ಕಡೆಯ ಹುಡುಗರು ಹಳೇ ಟೈರು ನೆಟ್ಟು, ಹಗ್ಗ ಕಟ್ಟಿ, ಮಣ್ಣಿನಲ್ಲೇ ಒಂದು ಟ್ರ್ಯಾಕು ಮಾಡುತ್ತಿದ್ದರು. ಭಾನುವಾರ ಬಂದರೆ ಹಾಸನದಿಂದ, ಅರಕಲಗೂಡಿನಿಂದ ಕಾರು ಜೋರಾಗಿ ಓಡಿಸುವ ಹುಚ್ಚಿನವರು ಸೇರುತ್ತಿದ್ದರು. ನೀರಿಳಿದಾಗ ಕಾಣುವ ಜಾಗಗಳು ನಮ್ಮ ಜಿಲ್ಲೆಗೆ ಹೊಸದಲ್ಲ. ಶೆಟ್ಟಿಹಳ್ಳಿಗೆ ಹಿನ್ನೀರಿನಲ್ಲಿ ಮುಳುಗಿ ಏಳುವ ಚರ್ಚು ನೋಡಲು ಹೋದಂತೆ ಜನ ಇಲ್ಲಿಗೆ ಧೂಳು ನೋಡಲು ಬರುತ್ತಿದ್ದರು. ಸಣ್ಣೇಗೌಡರು ವಯಸ್ಸಿನಲ್ಲಿ ಸಕಲೇಶಪುರದ ಒಬ್ಬ ಕಾಫಿ ಸಾಹುಕಾರರ ಜೀಪು ಓಡಿಸುತ್ತಾ, ಅವರ ಜೊತೆ ರ್ಯಾಲಿಗಳಿಗೂ ಹೋಗಿಬಂದವರು. ಹೊಸಬರು ಯಾರೇ ಆಗಲಿ, ಎಡಗಡೆ ಗೌಡರನ್ನು ಕೂರಿಸಿಕೊಂಡೇ ಓಡಿಸಬೇಕು ಎಂಬುದು ಅಲ್ಲಿನ ಕಟ್ಟಳೆ. ಗೌಡರು ತಾವಾಗಿ ಇಳಿದರೆ ಪಾಸು. ಇಳಿಯದಿದ್ದರೆ ಮುಂದಿನ ಭಾನುವಾರ.

ನಾನು ಹೈಸ್ಕೂಲಿನ ಹೊಲಿಗೆ ಟೀಚರು. ನನಗೂ ಧೂಳಿಗೂ ಸಂಬಂಧವಿಲ್ಲ. ನಮ್ಮ ಯಜಮಾನರದು ಹಾಸನದಲ್ಲಿ ಹಾರ್ಡ್‌ವೇರ್ ಅಂಗಡಿ. ಟ್ರ್ಯಾಕಿಗೆ ಹಗ್ಗ, ಬಿಳಿ ಬಣ್ಣ ಅವರೇ ಕೊಟ್ಟಿದ್ದರಿಂದ ನೋಡಲು ಹೋದೆವು. ನಾನು ಕಾರಿನಲ್ಲೇ ಕೂತು ಚುರುಮುರಿ ತಿನ್ನುತ್ತಿದ್ದೆ. ಗೌಡರು ಕಿಟಕಿಗೆ ಬಗ್ಗಿದರು. ಹೆಸರು ಸಣ್ಣೇಗೌಡ, ಆಳು ಮಾತ್ರ ಬಾಗಿಲಿಗಿಂತ ಎತ್ತರ.

"ಯಾಕವ್ವ, ನೀನ್ ಓಡ್ಸಾಕಿಲ್ವಾ?"

ನಮ್ಮವರೇ ಉತ್ತರ ಕೊಟ್ಟರು. "ಲೈಸೆನ್ಸ್ ಇದೆ ಗೌಡ್ರೇ. ನಾನು ಪಕ್ಕದಲ್ಲಿ ಕೂತ್ರೆ ಚೆನ್ನಾಗೇ ಓಡಿಸ್ತಾಳೆ."

"ನೀವ್ ಕೂರ್ದಿದ್ರೆ?"

ನಮ್ಮವರು ನಕ್ಕರು. ನನಗೆ ನಗು ಬರಲಿಲ್ಲ. ಲೈಸೆನ್ಸ್ ಮಾಡಿಸಿ ಎಷ್ಟೋ ವರ್ಷವಾಗಿತ್ತು, ನನ್ನ ಎಡಗಡೆಯ ಸೀಟು ಒಂದು ದಿನವೂ ಖಾಲಿಯಿದ್ದದ್ದಿಲ್ಲ. ಮೊದಲು ನಮ್ಮ ಮಾವನವರು, ಆಮೇಲೆ ಇವರು, ಇವರು ಅಂಗಡಿಯಲ್ಲಿದ್ದರೆ ಮಗ. ಎಮ್ಮೆ ಬಂತು, ಕ್ಲಚ್ ಬಿಡು, ಅವನಿಗೆ ದಾರಿ ಕೊಡು. ಯೋಚನೆಯೆಲ್ಲ ಎಡಗಡೆಯಿಂದ ಬರುತ್ತಿತ್ತು, ನಾನು ಬರೀ ಕೈಕಾಲು. ಆ ವರ್ಷ ನನ್ನನ್ನು ವಾರದಲ್ಲಿ ಕೆಲವು ದಿನ ಅರಕಲಗೂಡಿನ ಸ್ಕೂಲಿಗೂ ಹಾಕಿದ್ದರು. ಕಾರು ಮನೆ ಮುಂದೆ ಕವರು ಹೊದ್ದುಕೊಂಡು ನಿಂತಿರುತ್ತಿತ್ತು. ನಾನು ಬಟ್ಟೆಯ ಗಂಟು ಹೊತ್ತುಕೊಂಡು ಬಸ್ಸಿಗೆ ಓಡುತ್ತಿದ್ದೆ. ಅರಕಲಗೂಡಿಗೆ ಒಬ್ಬಳೇ ಕಾರಿನಲ್ಲಿ ಹೋಗಬೇಕು, ನನಗೆ ಬೇಕಿದ್ದದ್ದು ಅಷ್ಟೇ. ಮನೆಯಲ್ಲಿ ಕೇಳಿದರೆ "ಇನ್ನೊಂದು ಸ್ವಲ್ಪ ಕೈ ಕೂರಲಿ" ಅನ್ನುತ್ತಿದ್ದರು. ಕೈ ಕೂತಿದೆ ಎಂದು ಹೇಳುವವರು ಯಾರು?

"ಬಾ ಇಳಿ," ಅಂದರು ಗೌಡರು. "ಆ ಕಾರ್ ಹತ್ತು."

ಅಲ್ಲಿನ ಕಾರು ಹಳೆಯ ಪುಟ್ಟ ಗಾಡಿ. ಪಲ್ಟಿಯಾದರೂ ತಲೆಗೆ ಬೀಳದಂತೆ ಒಳಗೆ ಕಬ್ಬಿಣದ ಪೈಪು ಕಟ್ಟಿದ್ದರು. ಸೀರೆ ಸೆರಗು ಸಿಕ್ಕಿಸಿ, ಹೆಲ್ಮೆಟ್ ಹಾಕಿ ಕೂತೆ. ಮೊದಲ ತಿರುವು ಬಂತು, ಹಾರನ್ ಹೊಡೆದೆ. ಎರಡನೆಯದು ಬಂತು, ಮತ್ತೆ ಹೊಡೆದೆ.

"ಯಾರಿಗವ್ವ ಆರನ್ನು?" ಗೌಡರು ಕಿರುಚಿದರು. "ಮಣ್ಗಾ?"

ಎದುರಿಗೆ ಗಾಡಿಯಿಲ್ಲ, ದನವಿಲ್ಲ, ಸಂತೆಯಿಂದ ಬರುವ ಜನವಿಲ್ಲ. ಆದರೂ ತಿರುವು ಕಂಡರೆ ನನ್ನ ಹೆಬ್ಬೆರಳು ತಾನಾಗಿ ಒತ್ತುತ್ತಿತ್ತು. ಆ ದಿನವೇ ಅವರು ಹಾರನ್ನಿನ ವೈರು ಕಿತ್ತು ಜೇಬಿಗಿಟ್ಟುಕೊಂಡರು. ಎಷ್ಟೋ ವಾರ ನಾನು ಸತ್ತ ಹಾರನ್ನನ್ನೇ ಒತ್ತಿದೆ. ಒತ್ತಿದಾಗಲೆಲ್ಲ ಅವರೇ ಬಾಯಲ್ಲಿ "ಪೀಂ" ಅನ್ನುತ್ತಿದ್ದರು.

ಅವರು ಕಲಿಸುತ್ತಿದ್ದದ್ದು ಕಡಿಮೆ ಮಾತಿನಲ್ಲಿ. "ಬಾನೆಟ್ ನೋಡ್ಬೇಡ, ಕಣ್ಣ ಮುಂದುಕ್ ಕಳ್ಸು, ಕಾರು ಅದ್ರಿಂದೆ ಬತ್ತದೆ." ಇಲ್ಲವೇ, "ಟೀರಿಂಗ್ನ ರೊಟ್ಟಿ ತಟ್ಟಿದಂಗ್ ಹಿಡಿ, ಕಳ್ಳನ ಕತ್ ಹಿಡ್ದಂಗಲ್ಲ." ಹೊಗಳುವುದು ಅವರಿಗೆ ಗೊತ್ತಿರಲಿಲ್ಲ. ಒಮ್ಮೆ ಮಾತ್ರ ನನ್ನ ಕಾಲು ನೋಡಿ, "ಮಿಷನ್ ತುಳ್ದಿರೋ ಕಾಲು, ಅದುಕ್ ಬುದ್ಧಿ ಐತೆ" ಅಂದರು. ಮಿಕ್ಕ ಭಾಗಕ್ಕೆ ಇದೆಯೋ ಇಲ್ಲವೋ ಹೇಳಲಿಲ್ಲ.

ನನ್ನ ಜೊತೆಗೇ ಹಾಸನದ ಬ್ಯಾಂಕಿನ ಒಬ್ಬ ಹುಡುಗ ಬರುತ್ತಿದ್ದ, ಹರ್ಷ ಅಂತ. ಬಿರುಗಾಳಿ ಹಾಗೆ ಓಡಿಸುತ್ತಿದ್ದ. ಒಂದು ದಿನ ಇಳಿದವನೇ ಮೊಬೈಲ್ ತೋರಿಸಿ, "ನನ್ ಟೈಮ್ ನೋಡಿ ಸಾರ್! ಇನ್ನಾದ್ರೂ ಇಳೀರಿ" ಅಂದ.

"ಟೈಮ್ ನೋಡಾಕೆ ನಮ್ಮನೇಲಿ ಗೋಡೆ ಗಡಿಯಾರ ಐತೆ," ಅಂದರು ಗೌಡರು. "ಬೇಲಿ ತಿರುವ್ನಾಗೆ ಸ್ವಾಮಿ ಏನ್ ಬಾವುಟ ಹಿಡಿದಿದ್ದ?"

ಸ್ವಾಮಿ ಎಂದರೆ ಪಂಕ್ಚರ್ ಅಂಗಡಿಯವನು, ಭಾನುವಾರ ತಿರುವಿನಲ್ಲಿ ಬಾವುಟ ಹಿಡಿದು ನಿಲ್ಲುವವನು. ಹಳದಿ ಎತ್ತಿದರೆ ಮುಂದೆ ಏನೋ ಆಗಿದೆ, ನಿಧಾನ ಎಂದು ಅರ್ಥ. ಹರ್ಷ ತಲೆ ಕೆರೆದುಕೊಂಡ.

"ಆಳೆತ್ತರದ ಮನ್ಸ ನಿಂತವ್ನೆ, ಕಾಣ್ನಿಲ್ವಾ? ಕೈ ಚೆನ್ನಾಗೈತೆ ಕಣ್ಲಾ, ಕಣ್ಣು ಇನ್ನೂ ಮನೇಲೈತೆ. ಓಗಿ ಕರ್ಕಂಡ್ ಬಾ."

ನನ್ನ ಕಷ್ಟ ಬೇರೆ. ನಾನು ಬಾವುಟ ನೋಡುತ್ತಿದ್ದೆ, ಕನ್ನಡಿ ನೋಡುತ್ತಿದ್ದೆ, ಹಿಂದಿನವರಿಗೆ ಕೈ ತೋರಿಸಿ ದಾರಿ ಬಿಡುತ್ತಿದ್ದೆ. ಆದರೂ ಅವರು ಇಳಿಯಲಿಲ್ಲ. ಕೊನೆಗೆ ತಡೆಯಲಾರದೆ ಕೇಳಿದೆ. "ನಾನು ಒಂದು ತಪ್ಪೂ ಮಾಡಿಲ್ವಲ್ಲ ಗೌಡ್ರೇ!"

"ಅದ್ಕೇಯ. ತಪ್ಪಾದ್ ಮ್ಯಾಲೆ ನೀನ್ ಏನ್ ಮಾಡ್ತೀಯ ಅಂತ ನಂಗೊತ್ತಿಲ್ಲ. ನಿಂಗೂ ಗೊತ್ತಿಲ್ಲ. ಗೊತ್ತಾಗೋಗಂಟ ಎಂಗವ್ವ ಇಳೀಲಿ?"

ಮುಂದಿನ ವಾರ ನಾನು ಬೇಕೆಂದೇ ತಿರುವಿನಲ್ಲಿ ಹೊರಗೆ ಹೋದೆ, ಸರಿಯಾಗಿ ವಾಪಸ್ ತಂದೆ. ಗೌಡರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಇದು ಕಚ್ಚಾ ಒಲಿಗೆ ಕಣವ್ವ. ಬಿಚ್ಚಾಕೆ ಅಂತ್ಲೇ ಹಾಕಿದ್ದು."

ನಿಜವಾದ ತಪ್ಪು ಆದದ್ದು, ನಾನು ಆ ಮಾತನ್ನೇ ಮರೆತಿದ್ದ ಒಂದು ದಿನ. ಧೂಳು ಕೂರಲೆಂದು ಟ್ಯಾಂಕರಿನಲ್ಲಿ ನೀರು ಹೊಡೆಸಿದ್ದರು. ಬೇಲಿ ತಿರುವಿನಲ್ಲಿ ಹಿಂದಿನ ಚಕ್ರ ಜಾರಿ, ಕಾರು ಗಿರ್ರನೆ ತಿರುಗಿ, ಬಂದ ದಿಕ್ಕಿಗೇ ಮುಖ ಮಾಡಿ ನಿಂತಿತು. ಎಂಜಿನ್ ಆಫ್. ಅವಮಾನಕ್ಕೆ ತಕ್ಷಣ ಸ್ಟಾರ್ಟ್ ಮಾಡಿ ಓಡಿಬಿಡೋಣ ಅನ್ನಿಸಿತು. ಕೈ ಕೀಲಿಗೆ ಹೋಗಿಯೂ ಇತ್ತು. ಆದರೆ ಸ್ವಾಮಿಯ ಹಳದಿ ಬಾವುಟ ಕಂಡಿತು. ಕಿಟಕಿಯಿಂದ ಕೈ ಹೊರಗೆ ಹಾಕಿ ಸುಮ್ಮನೆ ಕೂತೆ. ನನ್ನ ಹಿಂದೆ ಬರುತ್ತಿದ್ದ ಕಾರು ಈಗ ಎದುರಿನಿಂದ ಬಂದು ದಾಟಿತು. ಸ್ವಾಮಿ ಕೈ ಬೀಸಿದ ಮೇಲೆ ತಿರುಗಿಸಿಕೊಂಡು ನಿಧಾನವಾಗಿ ಹೊರಟು, ಯಾರೂ ಹೇಳದೆಯೇ ಟ್ರ್ಯಾಕಿನಿಂದ ಹೊರಗೆ ತಂದು ನಿಲ್ಲಿಸಿದೆ. ಗೌಡರು ನನ್ನ ಕಡೆ ತಿರುಗಿದರು.

"ಕಾಯ್ಬೇಕು ಅಂತ ಯಾರ್ ಯೇಳ್ಕೊಟ್ರು?"

"ಯಾರೂ ಇಲ್ಲ. ಮಷೀನಲ್ಲಿ ದಾರ ಸಿಕ್ಕಿಕೊಂಡಾಗ ತುಳೀಬಾರದು, ಅಷ್ಟೇ."

"ಊಂ," ಅಂದರು. ಇಳಿಯುತ್ತಾರೆಂದು ಕಾದೆ. ಇಳಿಯಲಿಲ್ಲ.

ಆ ವಾರವೆಲ್ಲ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಒಗ್ಗರಣೆ ಸೀದು ಹೋಗುತ್ತಿತ್ತು. ಹುಡುಗಿಯರ ರವಿಕೆಗೆ ತೋಳನ್ನು ತಿರುಗಾಮುರುಗಾ ಹಚ್ಚಿಕೊಟ್ಟೆ. ಪೇಪರಿನಲ್ಲಿ ಮಳೆಯ ಸುದ್ದಿ ಬರತೊಡಗಿತ್ತು. ನಾಲೆಗೆ ನೀರು ಬಿಟ್ಟರೆ ಕೆರೆ ತುಂಬುತ್ತದೆ, ಟ್ರ್ಯಾಕು ಮುಳುಗುತ್ತದೆ. ಮತ್ತೆ ಮುಂದಿನ ಬೇಸಿಗೆ. ಇನ್ನೊಂದು ವರ್ಷ ಬಸ್ಸು, ಗಂಟು, ಎಡಗಡೆಯ ಮಾತು. ಎಲ್ಲರೂ ಮಳೆ ಬರಲಿ ಎನ್ನುತ್ತಿದ್ದಾಗ ನಾನೊಬ್ಬಳು ಇನ್ನೊಂದು ಭಾನುವಾರ ತಡೆದು ಬರಲಿ ಎನ್ನುತ್ತಿದ್ದೆ.

ಆ ಭಾನುವಾರ ಮೋಡವಿತ್ತು, ತಂಪು ಗಾಳಿ. ಸುತ್ತು ಹಾಕುತ್ತಿದ್ದೆ. ಎಲ್ಲೋ ಏನೋ ಕಡಿಮೆಯಾಗಿದೆ ಅನ್ನಿಸಿತು. ಏನೆಂದು ಹೊಳೆಯಲಿಲ್ಲ. ಇನ್ನರ್ಧ ಸುತ್ತು ಹೋದ ಮೇಲೆ ತಿಳಿಯಿತು, ಮ್ಯಾಟಿನ ಮೇಲೆ ದಬ್ ದಬ್ ಸದ್ದಿಲ್ಲ. ವಾರೆಗಣ್ಣಿನಲ್ಲಿ ನೋಡಿದರೆ ಗೌಡರ ಗಲ್ಲ ಎದೆಗಾನಿಕೊಂಡಿದೆ, ಹೆಲ್ಮೆಟ್ಟು ಕುಣಿಯುತ್ತಿದೆ, ಬಾಯಿ ತೆರೆದಿದೆ. ಬಿ.ಪಿ. ಮಾತ್ರೆ ನುಂಗುವ ಮನುಷ್ಯ! ಕೈ ಹೊರಗೆ ಹಾಕಿ, ಕಾರನ್ನು ದಾರಿಯಿಂದಾಚೆ ತಂದು ನಿಲ್ಲಿಸಿ, ಅವರ ಭುಜ ಅಲುಗಿಸಿದೆ.

"ಗೌಡ್ರೇ! ಗೌಡ್ರೇ!"

ಬೆಚ್ಚಿಬಿದ್ದು ಕಣ್ಣು ಬಿಟ್ಟರು. "ಯಾಕವ್ವ ನಿಲ್ಸಿದ್ದು?"

"ನೀವು ನಿದ್ದೆ ಮಾಡ್ತಿದ್ರಿ."

"ಯಾರು, ನಾನಾ?" ಮುಖ ಒರೆಸಿಕೊಂಡರು. ಸುತ್ತ ನೋಡಿದರು. ಆಮೇಲೆ ಕೋಪ ಬಂತು. "ನಾನ್ ಮಲಗುದ್ರೆ ನಿಂಗೇನವ್ವ? ಓಡ್ಸೋಳು ನೀನೋ ನಾನೋ?"

ತಮ್ಮ ಮಾತು ತಮಗೇ ಕೇಳಿಸಿದಂತೆ ನನ್ನ ಮುಖ ನೋಡಿದರು. ಅವರು ಬೆಲ್ಟು ಬಿಚ್ಚಿದರು. "ಸೊಂಟ ಹಿಡ್ಕಂಡೈತೆ. ಟೀ ಕುಡೀತೀನಿ, ನೀನ್ ಓಗು" ಎಂದು ಇಳಿದು ಬಾಗಿಲು ಧಡಾರೆಂದು ಹಾಕಿದರು.

ಒಬ್ಬಳೇ ಹೋದೆ. ಬಹಳ ಸಂತೋಷವಾಗುತ್ತದೆ ಅಂದುಕೊಂಡಿದ್ದೆ. ಯಾರೂ ಏನೂ ಅನ್ನುತ್ತಿಲ್ಲವಲ್ಲ ಎಂಬುದೇ ಕಿವಿಯಲ್ಲಿ ಗದ್ದಲವಾಗಿತ್ತು. ಕಲ್ಲು ತಗಡಿಗೆ ಬಡಿಯುವ ಸದ್ದು, ನನ್ನ ಉಸಿರಿನ ಸದ್ದು. ಬೇಲಿ ತಿರುವಿನಲ್ಲಿ ಯಾರೋ "ಈಗ" ಅಂದರು, ನೋಡಿದರೆ ನಾನೇ. ಕೆಲವು ಸುತ್ತು ಹಾಕಿದೆ. ಮನಸ್ಸು ಇನ್ನೂ ಬೇಕು ಅನ್ನುತ್ತಿತ್ತು, ತೋಳು ಬಿಗಿಯುತ್ತಿತ್ತು. ಹೊರಗೆ ಬಂದೆ.

"ಯಾಕ್ ಬಂದ್ಬುಟ್ಟೆ? ಸ್ವಾಮಿ ಬಾವುಟ ತೋರುದ್ನಾ?" ಅಂದರು ಗೌಡರು.

"ಇನ್ನೂ ಹೋದರೆ ಗಮನ ತಪ್ಪುತ್ತೆ ಅನ್ನಿಸ್ತು. ಸಾಕು ಅಂತ ಬಂದೆ."

ಅವರು ಕೈಯಲ್ಲಿದ್ದ ಟೀ ಚೆಲ್ಲಿ, ಬಿಸಿಯಾಗಿ ಎರಡು ತರಲು ಹೇಳಿದರು. ಸ್ವಾಮಿ ಆಮೇಲೆ ನನ್ನ ಬಳಿ ಬಂದು ಮೆಲ್ಲಗೆ, "ನೀವ್ ಸುತ್ತೋಗಂಟ ಗೌಡ್ರು ಟ್ರ್ಯಾಕ್ ಕಡೆ ತಿರುಗ್ಲೇ ಇಲ್ಲ ಕಣಕ್ಕ. ಟೀ ಕೈಲೇ ಆರೋಯ್ತು" ಅಂದ.

ಅದಾದ ವಾರವೇ ನೀರು ಬಂತು. ಅರಕಲಗೂಡಿಗೆ ಮೊದಲ ದಿನ ಹೊರಟಾಗ ನಮ್ಮವರು ಅಭ್ಯಾಸದಂತೆ ಎಡಗಡೆ ಹತ್ತಿ ಬೆಲ್ಟು ಹಾಕಿಕೊಂಡರು. "ನಿಮ್ಮನ್ನ ಅಂಗಡಿ ಹತ್ರ ಇಳಿಸಿ ಹೋಗ್ತೀನಿ" ಅಂದೆ. ಅಂಗಡಿ ಮುಂದೆ ಇಳಿದು, ಕಿಟಕಿ ತಟ್ಟಿ, ಬಾಗಿಲು ತೆಗೆಯಲು ಹೋದರು.

ಗೌಡರನ್ನು ಕೊನೆಯ ಸಲ ನೋಡಿದ್ದು ದೀಪಾವಳಿ ಕಳೆದ ಮೇಲೆ, ಅರಕಲಗೂಡಿನ ಅವರ ಮಗಳ ಮನೆಯಲ್ಲಿ. ಹೃದಯದ ತೊಂದರೆಯಾಗಿ ಸೊರಗಿ ಇಳಿದುಹೋಗಿದ್ದರು. ಸ್ಕೂಲು ಬಿಟ್ಟ ಮೇಲೆ ಹೋದರೆ, ಜಗಲಿಯ ಮೇಲೆ ಕೂತಿದ್ದವರು ನನ್ನ ಕಾರು ಕಂಡು, "ಒಂದ್ ಸುತ್ತು ಓಗ್ಬರಾಣ ನಡಿ" ಎಂದು ಚಪ್ಪಲಿ ಹುಡುಕಿದರು. ಹೊಳೆನರಸೀಪುರದ ರಸ್ತೆಯಲ್ಲಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಎದುರಿಗೆ ಒಂದು ಬಸ್ಸು ಬಂತು, ಅವರ ಕಾಲು ಶುರುವಾಯಿತು. ದಬ್, ದಬ್.

"ಏನ್ ಗೌಡ್ರೇ, ನನ್ನ ಪಕ್ಕ ನಿದ್ದೆ ಮಾಡಿದ ಮಹಾನುಭಾವರು ನೀವು!"

"ನಿನ್ನ ನಂಬ್ತೀನಿ ಕಣವ್ವ. ಆ ಬಸ್ಸೋನ್ನ ಎಂಗ್ ನಂಬ್ಲಿ?"

ವಾಪಸ್ ಬಂದಾಗ ಸಂಜೆಯಾಗಿತ್ತು. ಮಗಳು ಅರಿಶಿನ ಕುಂಕುಮ ಕೊಟ್ಟು, ಹಿತ್ತಲ ನುಗ್ಗೆಕಾಯಿ ಕಟ್ಟಿಕೊಟ್ಟು, "ಮನೆ ಮುಟ್ಟಿದ ತಕ್ಷಣ ಒಂದು ಫೋನ್ ಮಾಡ್ಬಿಡಿ ಅಕ್ಕ" ಅಂದಳು. ನಮ್ಮ ಕಡೆ ಯಾರನ್ನು ಕಳಿಸುವಾಗಲೂ ಹೇಳುವ ಮಾತು. ಗೌಡರು ಅವಳ ಮೇಲೆ ರೇಗಿದರು.

"ಯಾಕ್ ಮಾಡ್ಬೇಕು? ಮಾಡ್ಬೇಡ ಕಣವ್ವ. ನಾನೇನ್ ಕಾಯ್ಕಂಡ್ ಕೂತಿರಾಕಿಲ್ಲ. ಉಂಡು ಮಲೀಕತೀನಿ."

ಹಾಸನ ಮುಟ್ಟಿ, ಗೇಟು ತೆಗೆದು, ಕಾರು ಒಳಗೆ ಹಾಕಿದೆ. ಅಭ್ಯಾಸಕ್ಕೆ ಕೈ ಬ್ಯಾಗಿನೊಳಗೆ ಹೋಗಿ ಫೋನು ಹಿಡಿದಿತ್ತು. ಮುಂದೆ ಸಂಕ್ರಾಂತಿಗೆ ಮೊದಲೇ ಗೌಡರು ತೀರಿಹೋದರು. ಅವತ್ತು ಫೋನ್ ಮಾಡಿದ್ದರೆ ಅವರ ದನಿಯನ್ನು ಇನ್ನೊಂದು ಸಲ ಕೇಳುತ್ತಿದ್ದೆ, ಈಗ ಹಾಗನ್ನಿಸಿ ಕಳವಳವಾಗುತ್ತದೆ. ಆದರೆ ಆ ಸಂಜೆ ನಾನು ಮಾಡಲಿಲ್ಲ. ಫೋನನ್ನು ಅಲ್ಲೇ ಬಿಟ್ಟು, ನುಗ್ಗೆಕಾಯಿ ತೆಗೆದುಕೊಂಡು ಒಳಗೆ ಹೋದೆ.