ಹಾಲಿನ ಕವರಿನ ಚಾಪೆ

ಬೆಳಗಿನ ಆರೂವರೆ. ಅಟ್ಟೂರಿನ ಅಂಗನವಾಡಿಯ ಮುಂದೆ ಮುನಿಯಲ್ಲಮ್ಮ ಹಾಲಿನ ಕವರುಗಳನ್ನು ತೊಳೆದು, ಬಟ್ಟೆ ಕ್ಲಿಪ್ಪು ಹಾಕಿ ಹಗ್ಗಕ್ಕೆ ಸಾಲಾಗಿ ನೇತುಹಾಕುತ್ತಿದ್ದಾರೆ. ವಾಕಿಂಗ್ ಹೊರಟ ನೆರೆಮನೆಯ ಹನುಮಯ್ಯ ಗೇಟಿನಾಚೆಯಿಂದ ರೇಗಿಸುತ್ತಾರೆ: “ಏನ್ ಆಯಮ್ಮ, ಕವರ್‌ಗೆಲ್ಲ ಸ್ನಾನ ಆಯ್ತಾ?”

“ಅವುಕ್ಕೆ ಆಯ್ತು ಕಣಣ್ಣ, ನಿಮ್ದಿನ್ನೂ ಆಗ್ಲಿಲ್ವಾ?”

ಇಲ್ಲಿ ಹತ್ತೊಂಬತ್ತು ವರ್ಷಗಳಿಂದ ಸಹಾಯಕಿಯಾಗಿರುವ ಇವರು ಮಕ್ಕಳಿಗೆಲ್ಲ ಆಯಮ್ಮ. ಗುಡಿಸುವುದು, ಅಡುಗೆ, ಇಪ್ಪತ್ತೆರಡು ಮಕ್ಕಳ ಮೂಗು ಒರೆಸುವುದು, ಎಲ್ಲವೂ ಇವರದೇ. ಯಾರೂ ಹೇಳದೆ ಮೈಮೇಲೆ ಹಾಕಿಕೊಂಡ ಕೆಲಸ ಇನ್ನೊಂದಿದೆ. ಚಳಿಗಾಲದಲ್ಲಿ ಸಿಮೆಂಟ್ ನೆಲ ಕೊರೆಯುತ್ತದೆಂದು ಹಾಲಿನ ಕವರಿನ ಚಾಪೆ ಹೆಣೆಸುತ್ತಾರೆ. ಕವರನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಮಡಚಿಕೊಡುವುದು ಇವರು. “ಒಂದ್ ಮೇಲೆ, ಒಂದ್ ಕೆಳ್ಗೆ” ಎಂದು ಹಾಡಿಕೊಂಡು ಹೆಣೆಯುವುದು ಮಕ್ಕಳು. ಒಂದು ಚಾಪೆಗೆ ತೊಂಬತ್ತು ಕವರು ಬೇಕು.

ಹೋದ ತಿಂಗಳು ಇದೆಲ್ಲ ನಿಂತೇ ಹೋಗುವುದರಲ್ಲಿತ್ತು. “ನಾಳೆ ಎಲ್ರೂ ಒಂದೊಂದ್ ಆಲಿನ ಕವರ್ ತನ್ನಿ” ಎಂದಿದ್ದರು ಆಯಮ್ಮ. ನಾಲ್ಕು ವರ್ಷದ ನೂರೀನ್, ಅಮ್ಮ ಆಗಷ್ಟೇ ತುದಿ ಕತ್ತರಿಸಿಟ್ಟ ಕವರಿನ ಅರ್ಧ ಲೀಟರ್ ಹಾಲನ್ನು ಹೂಕುಂಡಕ್ಕೆ ಸುರಿದು, ಕವರನ್ನು ಚೆನ್ನಾಗಿ ತೊಳೆದು, ಹೆಮ್ಮೆಯಿಂದ ತಂದುಕೊಟ್ಟಳು. ಹಿಂದೆಯೇ ತಾಯಿ ನಜ್ಮುನ್ನೀಸಾ ಉರಿದುಕೊಂಡು ಬಂದರು. “ಮಗೂನ ಕಲಿಯೋಕೆ ಕಳಿಸಿದ್ರೆ ಕಸ ತರ್ಸ್ತೀರಾ?” ಇನ್ನಿಬ್ಬರು ತಾಯಂದಿರೂ ದನಿಗೂಡಿಸಿದರು. ಟೀಚರ್ ಜ್ಯೋತಿಲಕ್ಷ್ಮಿ ಬೇರೆ ದಾರಿ ಕಾಣದೆ ಅರ್ಧ ಹೆಣೆದ ಚಾಪೆಯನ್ನು ಬೀರುವಿನ ಮೇಲಿಟ್ಟರು.

“ತಪ್ಪು ನಂದೇ. ಖಾಲಿ ಕವರ್ ಅಂತ ಏಳ್ಬೇಕಿತ್ತು. ಒಂದ್ ಮಾತು ಬಿಟ್ಟೆ, ಮಗು ಏಳ್ದಂಗೇ ಮಾಡ್ತು” ಎನ್ನುತ್ತಾರೆ ಮುನಿಯಲ್ಲಮ್ಮ. ಅಂದು ಸಂಜೆಯೇ ಅರ್ಧ ಲೀಟರ್ ಹಾಲು ಹಿಡಿದು ನೂರೀನ್ ಮನೆಗೆ ಹೋಗಿ ತಪ್ಪಾಯಿತೆಂದರು. ‘ಖಾಲಿ’ ಎಂದರೇನೆಂದು ಮಗುವಿಗೂ ಬಿಡಿಸಿ ಹೇಳಿ ಬಂದರು.

ವಾರದೊಳಗೆ ನಜ್ಮುನ್ನೀಸಾ ಮತ್ತೆ ಹಾಜರ್, ಕೈಯಲ್ಲಿ ತೊಳೆದ ಹನ್ನೊಂದು ಕವರು! “ತಗೊಳ್ಳಿ ಆಯಮ್ಮ, ಇವ್ಳ ಕಾಟ ತಡೆಯೋಕಾಗ್ತಿಲ್ಲ. ಹಾಲು ಬೇಗ ಖಾಲಿ ಆಗ್ಲಿ ಅಂತ ಅವರಪ್ಪಂಗೆ ದಿನಾ ನಾಕ್ ಸಲ ಟೀ ಕುಡಿಸ್ತಾಳೆ. ಆ ಚಾಪೆ ಮುಗಿಸ್ಬಿಡಿ.” ಟೀಚರ್ ನಗುತ್ತಲೇ ಚಾಪೆ ಇಳಿಸಿಕೊಟ್ಟರಂತೆ. ಇದನ್ನೆಲ್ಲ ಬರೆದುಕೊಳ್ಳಲು ಬಂದಿದ್ದ ನನಗೂ ಕೇಳಿ ನಗು ತಡೆಯಲಾಗಲಿಲ್ಲ.

ಗಂಟೆ ಹತ್ತಾಗಿ ಮಕ್ಕಳೆಲ್ಲ ಬಂದಿದ್ದಾರೆ; ಮುಗಿದ ಚಾಪೆ ಇವತ್ತು ನೆಲದ ಮೇಲಿದೆ. ನಿಮ್ಮದೊಂದು ಫೋಟೋ ತೆಗೆಯುತ್ತೇನೆಂದರೆ ಮುನಿಯಲ್ಲಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಪಕ್ಕಕ್ಕೆ ಸರಿಯುತ್ತಾರೆ.

“ನಾನ್ ಕವರ್ ತೊಳೆದೋಳು ಕಣಮ್ಮ, ಅಷ್ಟೇ. ಎಣೆದೋರು ಅಗೋ, ಚಾಪೆ ಮೇಲೆ ಕುಂತವ್ರೆ ನೋಡಿ.”