ನಕ್ಷೆಯಲ್ಲಿ ಇಲ್ಲದ ಅಂಚು

ಮೊನ್ನೆ ತಿಕೋಟಾದಲ್ಲಿ, ನಾವೆಲ್ಲ ಅಕ್ಕ ಎನ್ನುವ ಬೆಳೆಗಾರ್ತಿಯ ಒಣದ್ರಾಕ್ಷಿ ಶೆಡ್ಡಿಗೆ ಹೋದೆ. ಯಂತ್ರದ ಎಣ್ಣೆಗೆ ದ್ರಾಕ್ಷಿಯ ಅಂಟು ಬೆರೆತ ವಾಸನೆ ಬಾಗಿಲಲ್ಲೇ ಮೂಗಿಗೆ ಬಡಿಯಿತು. ಬೇರೆಯವರಿಗೆ ಅದು ಸುಗ್ಗಿಯ ವಾಸನೆ. ನನಗೆ ಅದು ಚಾಚಾನ ನೆನಪು...

ವಿಜಯಪುರದ ಓಣಿಯೊಂದರಲ್ಲಿ, ಕಬ್ಬಿಣದ ಬಿಡಿಭಾಗ ಕಡೆದುಕೊಡುವ ಲೇತ್ ಅಂಗಡಿ ಇಟ್ಟಿದ್ದ ಹಿರಿಯರು ಅವರು; ಎಲ್ಲರ ಬಾಯಲ್ಲೂ ಚಾಚಾ. ಎಂಜಿನಿಯರಿಂಗ್ ಮುಗಿಸಿ, ಒಣದ್ರಾಕ್ಷಿಯ ತೊಟ್ಟು ಬಿಡಿಸುವ ಯಂತ್ರ ಮಾಡುತ್ತೇನೆಂದು ಹೊರಟ ನನ್ನನ್ನು ಎಲ್ಲರೂ ನಕ್ಕು ಸಾಗಹಾಕಿದಾಗ, ಒಳಗೆ ಕರೆದವರು ಅವರೊಬ್ಬರೇ. ನಾಲ್ಕು ತಿಂಗಳು ಒದ್ದಾಡಿ ಮೊದಲ ಯಂತ್ರ ಮಾಡಿಕೊಟ್ಟರು. ಈ ಅಕ್ಕನ ಶೆಡ್ಡಿನಲ್ಲೇ ಅದು ಒಂದು ಹಣ್ಣನ್ನೂ ಹರಿಯದೆ ಓಡಿತು.

"ಲೇ, ಮದ್ಲ ಹತ್ತ ಮಾಡು," ಅಂದರು ಚಾಚಾ. "ಒಂದ್ ಸುಗ್ಗಿ ಓಡ್ಲಿ. ಶೆಡ್ಡಿನ್ಯಾಗಿನ ಹೆಣ್ಮಕ್ಕಳು ಏನೇನ್ ಬೈತಾರ ಕೇಳು. ಆಮ್ಯಾಲ ದೊಡ್ಡ ಆರ್ಡರ್ ಕೊಡು."

ನನಗೆಲ್ಲಿಯ ತಾಳ್ಮೆ! ಅವರ ಯಂತ್ರವನ್ನು ಅಳೆದು ನಕ್ಷೆ ಬರೆದೆ. ಅವರಿಗೆ ತೋರಿಸದೆ ದೂರದ ಕಾರ್ಖಾನೆಯೊಂದಕ್ಕೆ ಕಳಿಸಿ ಅರವತ್ತು ಮಾಡಿಸಿದೆ. ಹಣ್ಣು ಹಾದು ತೊಟ್ಟು ಕಳಚುವ ಜರಡಿಯ ತೂತಿನ ಅಗಲ ನಕ್ಷೆಯಲ್ಲಿತ್ತು. ಪ್ರತಿ ತೂತಿನ ಅಂಚನ್ನೂ ಚಾಚಾ ಅರದಿಂದ ತಿಕ್ಕಿ, ಬೆರಳಾಡಿಸಿ ನೋಡಿ ನುಣುಪು ಮಾಡಿದ್ದು ಮಾತ್ರ ಇರಲಿಲ್ಲ. ಕಾರ್ಖಾನೆಯವರು ನಾನು ಬರೆದಂತೆಯೇ ಮಾಡಿದ್ದರು. ಹರಿತವಾದ ಅಂಚಿಗೆ ಸಿಕ್ಕು ಹಣ್ಣಿನ ಸಿಪ್ಪೆ ಹರಿಯಿತು, ರಾಶಿ ರಾಶಿ ಮಾಲು ಹಾಳಾಯಿತು.

ಯಂತ್ರ ಕೊಂಡಿದ್ದ ಬೆಳೆಗಾರರು ನನ್ನನ್ನು ಸುತ್ತುವರಿದರು. ಸುದ್ದಿ ಕೇಳಿ ಚಾಚಾನೂ ಬಂದು ಪಕ್ಕದಲ್ಲೇ ನಿಂತಿದ್ದರು. ಹೆದರಿಕೆಯಲ್ಲಿ ಅಂದುಬಿಟ್ಟೆ: "ನಂದೇನ್ ತಪ್ಪಿಲ್ರಿ. ಜರಡಿ ಚಾಚಾ ಮಾಡಿದ್ದು."

ಚಾಚಾ ಒಮ್ಮೆ ನನ್ನ ಮುಖ ನೋಡಿದರು. "ಹೌದ್ರಿ, ನಂದ ತಪ್ಪು," ಅಂದು ಚೀಲದಿಂದ ಅರ ತೆಗೆದರು. ಅರವತ್ತೂ ಜರಡಿ ತಿಕ್ಕುವುದಕ್ಕೆ ವಾರಗಳೇ ಹಿಡಿದವು. ಆಮೇಲೆ ನಿಡೋಣಿ, ಬಬಲೇಶ್ವರದ ಕಡೆಯ ರೈತರು ಅವರ ಅಂಗಡಿಯ ದಾರಿ ಬಿಟ್ಟರು. ನಾಚಿಕೆಗೆ ನಾನೂ ಬಿಟ್ಟೆ. ನನ್ನ ಯಂತ್ರಗಳು ಚೆನ್ನಾಗಿ ಹೋದವು.

ಎರಡು ವರ್ಷದ ಹಿಂದೆ ಚಾಚಾ ತೀರಿಕೊಂಡರು. ಹೊಸ ಯಂತ್ರ ಮಾಡಲು ಹೊರಟವರಿಗೆ ಈಗ ನಾನೇ ಬುದ್ಧಿ ಹೇಳುತ್ತೇನೆ: ಮೊದಲು ಹತ್ತೇ ಮಾಡಿ, ಮೊದಲ ಯಂತ್ರ ಮಾಡಿದವರಿಗೆ ನಕ್ಷೆ ತೋರಿಸಿ... ಅದನ್ನು ಯಾರಿಂದ ಕಲಿತೆನೆಂದು ಒಮ್ಮೆಯೂ ಹೇಳಿಲ್ಲ.

ಮೊನ್ನೆ ತಡೆಯಲಾಗದೆ ಅಕ್ಕನ ಮುಂದೆ ಎಲ್ಲ ಹೇಳಿದೆ. ಅವರು ಹಣ್ಣು ಆರಿಸುತ್ತಲೇ ಅಂದರು: "ನನಗ ಅವತ್ತ ಗೊತ್ತಿತ್ತಪ್ಪಾ. ಮದ್ಲಿನ ಮಷೀನ್ ನಮ್ಮಲ್ಲೇ ಇತ್ತಲ್ಲ, ಅದರ ಜರಡಿ, ನಿನ್ನ ಹೊಸಾ ಮಷೀನಿನ ಜರಡಿ ಎರಡೂ ಮುಟ್ಟಿ ನೋಡಿದ್ದೆ. ಎಲ್ಲಾರಿಗೂ ಹೇಳ್ತೀನಂದ್ರ ಚಾಚಾನೇ ಬ್ಯಾಡಂದ್ರು. ಹುಡುಗ ತಾನ ಬಂದ್ ಹೇಳ್ತಾನ, ತಡೀರಿ ಅಂದ್ರು. ಕಡೀತನಕ ಹಂಗ ಅಂತಿದ್ರು."

ಅಕ್ಕನ ಮುಖ ನೋಡಲಾಗಲಿಲ್ಲ. ಅಷ್ಟು ವರ್ಷ ಚಾಚಾ ಕಾದಿದ್ದರು, ನಾನು ಹೋಗಲಿಲ್ಲ.