ಅಕ್ಕನಿಗೊಂದು ಬೊಗಸೆ ಹಳ್ಳದ ನೀರು

ಮುಳಬಾಗಿಲು ಕಡೆಯ ಆ ಸಣ್ಣ ಪಟ್ಟಣದಲ್ಲಿ ದೊಡ್ಡನಾರಾಯಣಪ್ಪನನ್ನು ಕಂಡರೆ ಜನ ಮೂಗು ಮುಚ್ಚಿಕೊಂಡು ನಗುತ್ತಿದ್ದರು. ಮುಚ್ಚಿಕೊಳ್ಳಲಿ ಬಿಡಿ! ಊರಿನ ಬಚ್ಚಲು, ಕಕ್ಕಸಿನ ನೀರೆಲ್ಲ ಬಂದು ಸೇರುವ ಶುದ್ಧೀಕರಣ ಘಟಕವನ್ನು ನೋಡಿಕೊಳ್ಳುವವನು ಅವನೇ. ಹಿಂದೆ ಅವನು ಕೆರೆಯ ನೀರುಗಂಟಿ. ತೂಬು ಎತ್ತಿ ಗದ್ದೆಗದ್ದೆಗೂ ನೀರು ಹಂಚುತ್ತಿದ್ದ. ಕೆರೆ ಬತ್ತಿತು, ಊರು ಬೆಳೆಯಿತು, ಅದರ ಕೊಳಚೆ ಬಿದ್ದು ಪಕ್ಕದ ಹಳ್ಳ ಗಬ್ಬೆದ್ದುಹೋಯಿತು. ಅರವತ್ತು ದಾಟಿದ ಮೇಲೆ ಅವನು ಈ ಕೆಲಸಕ್ಕೆ ಸೇರಿದ್ದು ಸಂಬಳದ ಆಸೆಗಲ್ಲ, ಅಕ್ಕನಿಗಾಗಿ.

ಅಕ್ಕ ಮುನಿಗಂಗಮ್ಮನಿಗೆ ಈಗ ಎಂಬತ್ತೆರಡು. ತಾಯಿ ಸತ್ತಾಗ ತಮ್ಮ ಮೂರು ವರ್ಷದ ಕೂಸು. ಅವನನ್ನು ಸೊಂಟದಲ್ಲಿ ಎತ್ತಿಕೊಂಡೇ ಹಳ್ಳಕ್ಕೆ ಹೋಗಿ, ಮರಳು ಬಗೆದು, ಒಸರಿದ ತಿಳಿನೀರು ಕುಡಿಸಿ ಸಾಕಿದವಳು. ಹಳ್ಳ ಕೆಟ್ಟ ಮೇಲೆ ಇಪ್ಪತ್ತು ವರ್ಷ ಆ ಕಡೆ ತಲೆ ಹಾಕಲಿಲ್ಲ. ಕ್ಯಾನ್ ನೀರು ಕುಡಿದಾಗಲೆಲ್ಲ ಮುಖ ಹಿಂಡುತ್ತಾಳೆ. "ಸಾಯೋದ್ರೊಳಗೆ ಒಂದ್ ಬೊಗಸೆ ನಮ್ ಹಳ್ಳದ ನೀರು ಕುಡೀಬೇಕು ಕಣೋ ನಾರಾಯಣ," ಅನ್ನುವುದೊಂದೇ ಅವಳ ಹಂಬಲ.

ಘಟಕ ಶುರುವಾಗಿ ಎರಡು ವರ್ಷ. ಅಲ್ಲಿ ತಿಳಿಯಾದ ನೀರು ಹಿಪ್ಪುನೇರಳೆ ತೋಟಗಳಿಗೆ ಹೋಗುತ್ತದೆ; ಹಳ್ಳಕ್ಕೆ ಒರತೆ, ಮಳೆನೀರು ಅಷ್ಟೇ. ಈ ಸಲ ಮಳೆ ಚೆನ್ನಾಗಿ ಹೊಡೆದ ಮೇಲೆ ತಳದ ಮರಳು ಕಂಡಿತು, ಮೀನಿನ ಮರಿಗಳೂ ಕಂಡವು. ಸುದ್ದಿ ಕಿವಿಗೆ ಬಿದ್ದದ್ದೇ ತಡ, ಅಕ್ಕ ಕೋಲು ಹಿಡಿದು ಹೊರಟೇಬಿಟ್ಟಳು. ದಂಡೆಯಲ್ಲಿ ಕೂತು, ಸೆರಗು ಸಿಕ್ಕಿಸಿ, ನೀರಿಗೆ ಕೈಯಿಟ್ಟಳು.

"ಬ್ಯಾಡಕ್ಕಾ!" ದೊಡ್ಡನಾರಾಯಣಪ್ಪ ಘಟಕದಿಂದ ಓಡಿ ಬಂದು ಕೈ ಹಿಡಿದ.

ಕೋಪ ಬಂದರೆ ಅಕ್ಕನ ಮಾತಿನಲ್ಲಿ ತೆಲುಗು ನುಸುಳುತ್ತದೆ. "ಏಂರಾ! ನೀರು ತಿಳೀಗೈತೆ, ಮೀನವೆ. ಇನ್ನೇನಂತೆ ನಿಂಗೆ?"

ಮೇಲ್ಗಡೆ ಸಂತೆಬೀದಿಯ ಮೋರಿಯೊಂದು ಘಟಕದ ಪೈಪಿಗೆ ಸೇರದೆ ಇನ್ನೂ ಸೀದಾ ಹಳ್ಳಕ್ಕೇ ಬೀಳುತ್ತಿತ್ತು. ಅವನೇ ಅದನ್ನು ಪತ್ತೆಮಾಡಿ ಮೂರು ಸಲ ಅರ್ಜಿ ಬರೆಸಿದ್ದ. ಕಣ್ಣಿಗೆ ಕಾಣದ ಹೊಲಸು ನೀರಲ್ಲಿದೆ ಎಂದು ಪರೀಕ್ಷೆಯ ವರದಿ ಹೋದ ವಾರವಷ್ಟೇ ಬಂದಿತ್ತು. ಅದನ್ನೆಲ್ಲ ಹೇಳಿದರೂ ಅಕ್ಕ ನಂಬಲಿಲ್ಲ.

"ಕಾಗದದ ಮಾತು ನಂಗ್ ಬ್ಯಾಡ. ಹೊಸನೀರು ಬಂದ್ರೆ ಮೊದ್ಲು ಬಾಯಿಗಿಡೋನು ನೀರುಗಂಟಿ ತಾನೆ? ನೀನ್ ಕುಡಿ. ನೀನ್ ಕುಡುದ್ರೆ ನಾನೂ ಕುಡೀತೀನಿ."

ಅವನು ಬಗ್ಗಿ ಬೊಗಸೆ ತುಂಬಿಕೊಂಡ. ಒಂದು ಗುಟುಕು ನುಂಗಿದರೆ ಸಾಕು, ಅಕ್ಕನ ಆಸೆ ತೀರುತ್ತದೆ. ಆದರೆ ಅವಳೂ ಕುಡಿದು ಹೊಟ್ಟೆ ಕೆಟ್ಟರೆ ಎರಡು ದಿನ ತಡೆಯುವ ಜೀವವೇ ಅದು? ಬೊಗಸೆ ತುಟಿಯವರೆಗೂ ಬಂತು, ಬಾಯಿ ತೆರೆಯಲಿಲ್ಲ. ನೀರೆಲ್ಲ ಬೆರಳ ಸಂದಿಯಲ್ಲಿ ಸೋರಿಹೋಯಿತು. ದೊಡ್ಡನಾರಾಯಣಪ್ಪ ಮಗುವಿನ ಹಾಗೆ ಅತ್ತುಬಿಟ್ಟ.

ಈಗ ಅಕ್ಕನಿಗೆ ನಂಬಿಕೆ ಬಂತು. ಅವನ ಎರಡೂ ಕೈಗಳನ್ನು ಎಳೆದುಕೊಂಡು ಸೆರಗಿನಿಂದ ಒರೆಸಿದಳು.

"ಆ ಮೋರಿ ಯಾವಾಗ್ ಸರಿಹೋಗುತ್ತೆ?"

"ಬರೋ ಮಳೆಗಾಲಕ್ಕೆ ಅಂತಾರಕ್ಕಾ."

ಬರೋ ಮಳೆಗಾಲವಂತೆ! ಎಂಬತ್ತೆರಡರ ಜೀವಕ್ಕೆ ಅದೆಷ್ಟು ದೂರವೆಂದು ಇಬ್ಬರಿಗೂ ಗೊತ್ತಿತ್ತು. ಅಕ್ಕ ತಮ್ಮನ ಭುಜ ಹಿಡಿದು ಎದ್ದಳು.

"ಆಗ್ಲಿ ಬಿಡು. ನಾನಿದ್ರೆ ಕರ್ಕೊಂಡ್ ಬಾ. ಇಲ್ದಿದ್ರೆ ನನ್ ಪಾಲಿಂದೂ ನೀನೇ ಕುಡಿ ಕಣೋ."